ಮೇಲಿನ ಕಣ್ಣು, ಕೆಳಗಿನ ಎಕರೆ

ಮೆದಕ್, ಕಲಬುರಗಿ ಸೀಮೆಯ ಜನ ಉಪಗ್ರಹವನ್ನು ಕಂಡು ಐವತ್ತು ವರ್ಷವಾಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಭಾರತ ‘ಸೈಟ್’ ಎಂಬ ದೂರದರ್ಶನ ಪ್ರಯೋಗ ನಡೆಸಿತು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಜಾಲರಿಯ ಆಂಟೆನಾ ನೆಟ್ಟು, ಊರಿಗೊಂದು ಟಿವಿ ಇಟ್ಟು, ಒಕ್ಕಲುತನ, ಆರೋಗ್ಯ, ಶಾಲೆಯ ಪಾಠ ಎಲ್ಲವನ್ನೂ ಆಕಾಶದಿಂದ ಇಳಿಸಿದ ಪ್ರಯೋಗ ಅದು. ಕರ್ನಾಟಕದ ಪಾಲಿಗೆ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳು ಬಂದವು. ಆಗಿನ ಆಂಧ್ರದ ಪಾಲಿಗೆ ಬಂದ ಜಿಲ್ಲೆಗಳಲ್ಲಿ ಮೆದಕ್ ಒಂದು. ಕನ್ನಡದ ಕಾರ್ಯಕ್ರಮ, ತೆಲುಗಿನ ಕಾರ್ಯಕ್ರಮ ಎರಡೂ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲೇ.

ಆ ಪ್ರಯೋಗದಲ್ಲಿ ದುಡಿದವರಲ್ಲಿ ಮೈಸೂರಿನ ಕಡೆಯ ಪಿ.ವಿ. ಸತೀಶ್ ಒಬ್ಬರು, ದೂರದರ್ಶನದ ನಿರ್ಮಾಪಕ. ಮುಂದೆ 1983ರಲ್ಲಿ ಅವರೂ ಅವರ ಗೆಳೆಯರೂ ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಬೀಳುಬಿದ್ದ ಹೊಲಗಳಲ್ಲಿ ದಲಿತ ಹೆಣ್ಣುಮಕ್ಕಳು ಸಜ್ಜೆ, ನವಣೆ, ಜೋಳ, ತೊಗರಿ ಬಿತ್ತಿ ಮನೆ ತುಂಬಿಸಿಕೊಂಡರು. 2008ರ ಅಕ್ಟೋಬರ್‌ನಲ್ಲಿ ಅದೇ ಸಂಘಗಳ ಹೆಣ್ಣುಮಕ್ಕಳು ಮಾಚನೂರಿನಲ್ಲಿ ‘ಸಂಘಂ ರೇಡಿಯೋ’ ಶುರುಮಾಡಿದರು. ಅದರ ಧ್ವನಿ ಸುತ್ತಲ ಹತ್ತಾರು ಊರುಗಳನ್ನು ದಾಟುವುದಿಲ್ಲ. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. 36,000 ಕಿಲೋಮೀಟರ್ ಎತ್ತರದಿಂದ ಇಳಿದ ಮಾತೂ, ಓಣಿಯ ಹೆಂಗಸು ಓಣಿಗೇ ಹೇಳಿದ ಮಾತೂ ಒಬ್ಬರದೇ ಕೆಲಸದ ಎರಡು ತುದಿಗಳಾಗಿದ್ದವು. ಇಸ್ರೋದ ಭೂವೀಕ್ಷಣೆ ಮತ್ತು ಪಥದರ್ಶಕ ಉಪಗ್ರಹಗಳಿಂದ ಈ ನೆಲಕ್ಕೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ತೂಗಲು ಕೂತರೆ ತಕ್ಕಡಿಯ ಎರಡೂ ತಟ್ಟೆ ಇಲ್ಲಿಯೇ ಇವೆ.

ತೂಗಲು ಮನೂರ್ ಎಂಬ ಊರನ್ನೇ ತಗೊಳ್ಳೋಣ. ಅದು ಇರುವುದು ಈಗಿನ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ, ನಾರಾಯಣಖೇಡದ ಪಕ್ಕ. 1956ರವರೆಗೆ ನಾರಾಯಣಖೇಡ, ಜಹೀರಾಬಾದ್ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು, ಕೊಡಂಗಲ್ ಕಲಬುರಗಿಯವು. ರಾಜ್ಯಗಳ ಗೆರೆ ಎಳೆದಾಗ ಇವು ಆಚೆಗೆ ಹೋದವು; ಮನೆಮಾತು, ನೆಂಟಸ್ತಿಕೆ, ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆ ಮಾತ್ರ ಗೆರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಾಂಡೂರಿನ ಕಾಗಿಣಾ ಸೇಡಂ, ಮಳಖೇಡದ ಕಡೆ ಹರಿದು ಭೀಮೆಗೆ ಸೇರುತ್ತದೆ. ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ ಬೀದರ್ ಸುತ್ತಿ ಬರುವ ಮಂಜೀರಾ ತೆಲಂಗಾಣಕ್ಕೆ ಕಾಲಿಡುವುದು ಮನೂರ್ ಸೀಮೆಯಲ್ಲೇ. ಹೊಲದ ಪಹಣಿ ತೆಲುಗಿನಲ್ಲಿ, ಮನೆಯ ಜಗಳ ಕನ್ನಡದಲ್ಲಿ. ಇಂಥ ಕಡೆ, ಭಾಷೆಯೂ ಗಡಿಯೂ ಗೊತ್ತಿಲ್ಲದ ಕಣ್ಣೊಂದು ಮೇಲಿಂದ ನೋಡುತ್ತದೆ ಎಂಬುದಕ್ಕೆ ಒಂದು ಬೆಲೆ ಇದೆ. ಅದನ್ನೇ ಮೊದಲು ನೋಡೋಣ.

ನದಿಯ ವಿಷಯ ತಗೊಳ್ಳಿ. ಮಂಜೀರಾದಲ್ಲಿ ಮೇಲಿನವರು ಎಷ್ಟು ನೀರು ಹಿಡಿದರು ಎಂಬುದು ಮೂರು ರಾಜ್ಯಗಳ ನಡುವಿನ ಹಳೆಯ ಗುಮಾನಿ. ಕೆಳಗಿನವರಿಗೆ ಮೇಲಿನ ಕೆರೆ, ಬ್ಯಾರೇಜು ಕಾಣುವುದಿಲ್ಲ. ಅಧಿಕಾರಿ ಹೇಳಿದ್ದೇ ಲೆಕ್ಕ. ಉಪಗ್ರಹದ ಚಿತ್ರದಲ್ಲಿ ನೀರು ಕಪ್ಪಗೆ ಎದ್ದು ಕಾಣುತ್ತದೆ, ಏಕೆಂದರೆ ಅವಕೆಂಪು ಬೆಳಕನ್ನು ಅದು ನುಂಗಿಬಿಡುತ್ತದೆ. ಬೀದರಿನ ಕಾರಂಜಾ ಜಲಾಶಯದಲ್ಲಿ ಈ ತಿಂಗಳು ನೀರು ಎಷ್ಟು ಹರಡಿದೆ, ಕೆಳಗೆ ಸಿಂಗೂರು ಅಣೆಕಟ್ಟಿನ ಹಿನ್ನೀರು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಯಾರ ಅಪ್ಪಣೆಯೂ ಇಲ್ಲದೆ ಅಳೆಯಬಹುದು. 2016ರ ಏಪ್ರಿಲ್‌ನಲ್ಲಿ ಇದೇ ಕಣಿವೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಆ ಬೇಸಗೆ ಸಿಂಗೂರೂ ಬತ್ತಿ ಬಿರುಕು ಬಿಟ್ಟಿತ್ತು. ಆಗ ‘ಮೇಲಿನವರು ಹಿಡಿದರು’ ಎಂದವರಿಗೂ ‘ಮಳೆಯೇ ಬರಲಿಲ್ಲ’ ಎಂದವರಿಗೂ ಒಂದೇ ಸಾಕ್ಷಿ ತೋರಿಸಬಹುದಾಗಿದ್ದರೆ ಅದು ಆಕಾಶದ್ದು. ಸಿಂಗೂರಿನ ನೀರು ಹೈದರಾಬಾದಿನ ನಲ್ಲಿಗೆ ಹೋಗುತ್ತದೆ. ಉಪಗ್ರಹದ ಚಿತ್ರಗಳನ್ನು ಇಳಿಸಿಕೊಂಡು ಓದುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇರುವುದು ಅದೇ ನಗರದ ಬಾಲಾನಗರದಲ್ಲಿ. ಮಂಜೀರಾ ದಂಡೆಯವರು ಮುಳುಗಡೆಗೆ ನೆಲ ಕೊಟ್ಟು ಕುಡಿಸಿದ ನೀರಿನ ಋಣವನ್ನು ಆ ಕೇಂದ್ರ ಚಿತ್ರಗಳ ರೂಪದಲ್ಲಾದರೂ ತೀರಿಸುತ್ತಿದೆ ಎನ್ನಬೇಕೇನೋ.

ಅಂತರ್ಜಲದ ಕೆಲಸ ಇನ್ನೂ ಗಟ್ಟಿಯಾದದ್ದು. 1988ರ ಮಾರ್ಚ್ 17ರಂದು ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಹೋದ ಐಆರ್‌ಎಸ್-1ಎ ನಮ್ಮ ಮೊದಲ ಕಾರ್ಯನಿರತ ಭೂವೀಕ್ಷಣೆ ಉಪಗ್ರಹ. ಉಡುಪಿ ಪಕ್ಕದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದ ಕಾಲ ಅದು. ಕಸ್ತೂರಿರಂಗನ್ ಆ ಯೋಜನೆಯ ಹೊಣೆ ಹೊತ್ತವರು. ಆ ಸಾಲಿನ ಉಪಗ್ರಹಗಳ ಚಿತ್ರ ಹಿಡಿದು 1990ರ ದಶಕದ ಕೊನೆಗೆ ಕುಡಿಯುವ ನೀರಿನ ಮಿಷನ್‌ಗಾಗಿ ಅಂತರ್ಜಲ ಸಾಧ್ಯತೆಯ ನಕಾಶೆಗಳನ್ನು ಬರೆಯಲು ಹಿಡಿದರು. ಮೊದಲ ಕಂತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಆಂಧ್ರವೂ ಇತ್ತು. ಬಂಡೆಯ ಬಿರುಕು ಸಾಲುಗಳು, ಹಳೆಯ ಹಳ್ಳದ ದಾರಿ, ಮಣ್ಣಿನ ಮೇಲೆ ಬೇಸಗೆಯಲ್ಲೂ ಉಳಿಯುವ ಹಸಿರು, ಇವೆಲ್ಲ ನೆಲದ ಮೇಲೆ ನಿಂತವನ ಕಣ್ಣಿಗೆ ಬಿಡಿಬಿಡಿ. ಮೇಲಿಂದ ನೋಡಿದವನಿಗೆ ಒಂದೇ ಗೆರೆ. ಬೀದರ್, ಜಹೀರಾಬಾದ್ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಎಲ್ಲೆಂದರಲ್ಲಿ ಕೊರೆದು ಕೈಸುಟ್ಟುಕೊಂಡ ರೈತರ ಲೆಕ್ಕ ಇಟ್ಟವರಿಲ್ಲ. ತೆಂಗಿನಕಾಯಿ ಅಂಗೈಮೇಲಿಟ್ಟುಕೊಂಡು ನೀರು ತೋರಿಸುವವನಿಗಿಂತ ಈ ನಕಾಶೆ ಮೇಲು ಎನ್ನಲು ನನಗೆ ಅನುಮಾನವಿಲ್ಲ. ಆದರೆ ಅದು 1:50,000 ಅಳತೆಯ ಕಾಗದ. ನಕಾಶೆಯ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಅರ್ಧ ಕಿಲೋಮೀಟರು. ಊರ ಯಾವ ದಿಕ್ಕಿಗೆ ಹೋಗಬೇಕೆಂದು ಹೇಳಬಲ್ಲದು, ಯಾವ ಬದುವಿನ ಕೆಳಗೆ ಕೊರೆಯಬೇಕೆಂದು ಹೇಳಲಾರದು. ಆ ಕೊನೆಯ ಅರ್ಧ ಕಿಲೋಮೀಟರಿನಲ್ಲಿ ತೆಂಗಿನಕಾಯಿಯವನು ಇವತ್ತಿಗೂ ಉಳಿದುಕೊಂಡಿದ್ದಾನೆ.

ಬರದ ಲೆಕ್ಕ ಮೂರನೆಯದು. 2016ರ ಬರ ಕೈಪಿಡಿಯ ಪ್ರಕಾರ ಮಳೆ ಕೊರತೆಯ ಜೊತೆಗೆ ಬಿತ್ತನೆ, ಮಣ್ಣಿನ ತೇವ, ನೀರಿನ ಸಂಗ್ರಹ, ಉಪಗ್ರಹ ಕಂಡ ಹಸಿರು, ಎಲ್ಲವನ್ನೂ ನೋಡಬೇಕು. ಆಮೇಲೆ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಕಣ್ಣಾರೆ ಕಾಣಬೇಕು. 2023ರಲ್ಲಿ ಕರ್ನಾಟಕ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ್ದು ಈ ಕ್ರಮದಲ್ಲಿ. ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು, ಆ ಮಾತು ಬೇರೆ. ಅಂಕಿ ಇದ್ದದ್ದರಿಂದ ವಾದಕ್ಕೆ ಒಂದು ನೆಲೆ ಸಿಕ್ಕಿತು. ಹಿಂದೆ ಬರ ಎಂಬುದು ಆಣೆವಾರಿ ಬರೆಯುವ ಗುಮಾಸ್ತನ ಮರ್ಜಿ, ಶಾಸಕನ ಪ್ರಭಾವ. ಈಗ ಮರ್ಜಿ ಪೂರ್ತಿ ಹೋಗಿಲ್ಲ, ಸ್ವಲ್ಪ ನಾಚಿಕೆ ಪಡುತ್ತದೆ.

ಇನ್ನು ಎದುರು ತಟ್ಟೆ. ಇಲ್ಲಿ ಗಣಿತ ಬೇಕಾಗುತ್ತದೆ.

ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರು. ಚೌಕಾಕಾರ ಎಂದುಕೊಂಡರೆ ಒಂದು ಮಗ್ಗುಲು ಅರವತ್ನಾಲ್ಕು ಮೀಟರು. ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹಗಳಲ್ಲಿ ಮೂರು ಕ್ಯಾಮೆರಾ. ಐದು ದಿನಕ್ಕೊಮ್ಮೆ ನೋಡುವ ಆವಿಫ್ಸ್‌ನ ಒಂದು ಚುಕ್ಕೆ 56 ಮೀಟರು, ಅಂದರೆ ನಿಮ್ಮ ಇಡೀ ಎಕರೆ ಅದಕ್ಕೆ ಒಂದೂಕಾಲು ಚುಕ್ಕೆ. ಇಪ್ಪತ್ನಾಲ್ಕು ದಿನಕ್ಕೊಮ್ಮೆ ಬರುವ ಲಿಸ್-3ರದ್ದು 23.5 ಮೀಟರು: ಎಕರೆಗೆ ಏಳು ಚುಕ್ಕೆ, ಅದರಲ್ಲಿ ಪಕ್ಕದವನ ಹೊಲ ಬೆರೆಯದೆ ಶುದ್ಧವಾಗಿ ಉಳಿಯುವುದು ಒಂದೆರಡು, ಹೆಚ್ಚೆಂದರೆ ನಾಲ್ಕು. ಲಿಸ್-4ರದ್ದು 5.8 ಮೀಟರು, ಎಕರೆಗೆ ನೂರಿಪ್ಪತ್ತು ಚುಕ್ಕೆ. ಅದು ಚೆನ್ನಾಗಿ ಕಾಣುತ್ತದೆ, ಆದರೆ ಒಮ್ಮೆಗೆ ನೋಡುವ ಪಟ್ಟಿ ಕಿರಿದು. 2019ರ ನವೆಂಬರ್‌ನಲ್ಲಿ ಹೋದ ಕಾರ್ಟೊಸ್ಯಾಟ್-3 ಕಾಲು ಮೀಟರಿನಷ್ಟು ಸೂಕ್ಷ್ಮ ಕಾಣಬಲ್ಲದು, ಆದರೆ ಅದರ ಕಣ್ಣು ಮನೂರಿನ ಸಜ್ಜೆ ಎಣಿಸಲು ಇಟ್ಟದ್ದಲ್ಲ. ಹೆಚ್ಚು ಸಲ ನೋಡುವ ಕಣ್ಣು ಮಂಜು, ಚುರುಕು ಕಣ್ಣು ಅಪರೂಪ. ಈ ಲೇವಾದೇವಿಯಿಂದ ಯಾವ ದೇಶದ ಉಪಗ್ರಹವೂ ತಪ್ಪಿಸಿಕೊಂಡಿಲ್ಲ.

ಅದರ ಮೇಲೆ ಮೋಡ. ರೈತನಿಗೆ ಮಾಹಿತಿ ಬೇಕಾದದ್ದು ಜುಲೈ, ಆಗಸ್ಟ್. ರಿಸೋರ್ಸ್‌ಸ್ಯಾಟ್ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ತಲೆಯ ಮೇಲೆ ಹಾಯುವಾಗ ಆ ತಿಂಗಳುಗಳಲ್ಲಿ ಅದಕ್ಕೆ ಕಾಣುವುದು ಹತ್ತಿಯ ಹೊಲವಲ್ಲ, ಹತ್ತಿಯಂಥ ಮೋಡ. ಮೋಡ ತೂರಿ ನೋಡಲು ರೇಡಾರ್ ಬೇಕು. 2012ರಲ್ಲಿ ಹಾರಿದ ರಿಸ್ಯಾಟ್-1 ಐದು ವರ್ಷಕ್ಕೆ ಕಣ್ಣು ಮುಚ್ಚಿತು. ಅದರ ಜಾಗಕ್ಕೆ ಇಒಎಸ್-04 ಬಂದದ್ದು 2022ರ ಫೆಬ್ರವರಿಯಲ್ಲಿ. ನಡುವೆ ನಾವು ಯುರೋಪಿನ ಸೆಂಟಿನೆಲ್ ನೆಚ್ಚಿಕೊಂಡಿದ್ದೆವು. 2025ರ ಮೇ 18ರಂದು ಇನ್ನೊಂದು ರೇಡಾರ್ ಉಪಗ್ರಹ ಇಒಎಸ್-09 ಹೊತ್ತ ಪಿಎಸ್‌ಎಲ್‌ವಿ ಮೂರನೆಯ ಹಂತದಲ್ಲಿ ಸೋತಿತು. ಅದೇ ವರ್ಷ ಆಗಸ್ಟ್ ಕೊನೆಗೆ ಮೆದಕ್, ಕಾಮಾರೆಡ್ಡಿಗಳಲ್ಲಿ ಹಳ್ಳಕೊಳ್ಳ ಉಕ್ಕಿ ಊರುಗಳು ಮುಳುಗಿದವು. ಅಂಥ ದಿನಗಳಲ್ಲಿ ರೇಡಾರ್ ಬಿಟ್ಟು ಬೇರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆ ವರ್ಷದ ಜುಲೈ 30ರಂದು ನಾಸಾ ಜೊತೆಗೂಡಿ ಹಾರಿಸಿದ ರೇಡಾರ್ ಉಪಗ್ರಹ ನಿಸಾರ್ ಈಗ ಮೇಲಿದೆ: ಹನ್ನೆರಡು ಮೀಟರಿನ ಆಂಟೆನಾ, ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗದ ಮೇಲೆ. ಇದರಿಂದ ಕೊರತೆ ಬಹಳಷ್ಟು ತುಂಬೀತು. ಒಂದೆರಡು ಉಪಗ್ರಹಗಳ ಮೇಲೆ ನಂಬಿಕೆ ಇಡಬೇಕಾದ ಸ್ಥಿತಿ ಮಾತ್ರ ಸುಖದ್ದಲ್ಲ.

ಇವೆರಡಕ್ಕಿಂತ ಬಿಡಿಸಲು ಕಷ್ಟವಾದ ಗಂಟು ಬೆಳೆಯದ್ದೇ. ಪಸ್ತಾಪುರದ ಸಂಘದ ಹೆಂಗಸರ ಒಂದು ಎಕರೆಯಲ್ಲಿ ಹತ್ತಿಪ್ಪತ್ತು ಬಗೆಯ ಕಾಳು ಇರುವುದುಂಟು. ಜೋಳದ ನಡುವೆ ತೊಗರಿ, ಅದರ ಸಂದಿಯಲ್ಲಿ ಹೆಸರು, ಉದ್ದು, ಪುಂಡಿ, ಬದುವಿನ ಮೇಲೆ ಎಳ್ಳು. ನಾವು ಅಕ್ಕಡಿ ಎನ್ನುವುದು ಇದನ್ನೇ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂದು ತಲೆಮಾರುಗಳು ಕಂಡುಕೊಂಡ ವಿಮೆ ಅದು. ಉಪಗ್ರಹಕ್ಕೆ ಈ ಹೊಲ ಒಂದು ಗೊಂದಲ. ಪಂಜಾಬಿನ ಗೋಧಿ, ತುಂಗಭದ್ರೆಯ ಭತ್ತ ಅದಕ್ಕೆ ಸುಲಭ: ಒಂದೇ ಬಣ್ಣ, ಒಂದೇ ಎತ್ತರ, ಒಂದೇ ಕೊಯ್ಲು. 2023ರ ಮುಂಗಾರಿನಿಂದ ಕೇಂದ್ರದ ಬೆಳೆ ವಿಮೆಯಾದ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ಲೆಕ್ಕಕ್ಕೆ ಉಪಗ್ರಹ ತಂತ್ರಕ್ಕೆ ಶೇ 30ರ ತೂಕ ಕೊಡಲು ಹೊರಟಾಗ ಭತ್ತ, ಗೋಧಿಯಿಂದಲೇ ಶುರುಮಾಡಿದ್ದು ಸಹಜ. ಮೇಲಿಂದ ಸರಿಯಾಗಿ ಕಾಣುವ ಬೆಳೆಗೆ ಸಾಕ್ಷಿ ಗಟ್ಟಿ, ಕಾಣದ ಬೆಳೆಗೆ ಸಾಕ್ಷಿ ಜೊಳ್ಳು ಎಂದಾದರೆ, ನಾಳೆ ರೈತ ಕಾಣುವ ಬೆಳೆಯನ್ನೇ ಬಿತ್ತಲು ಹೊರಟಾನು. ನನಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಸಾಲ, ಬೆಂಬಲ ಬೆಲೆ, ಬೀಜದ ಅಂಗಡಿ ಸೇರಿ ಈಗಾಗಲೇ ಅಕ್ಕಡಿಯನ್ನು ಅರ್ಧ ಅಳಿಸಿವೆ. ಮೇಲಿನ ಕಣ್ಣು ಆ ಸಾಲಿಗೆ ಸೇರಬಾರದು.

ಹಾಗೆಂದು ನೆಲದ ಸಾಕ್ಷಿ ಸತ್ಯಹರಿಶ್ಚಂದ್ರನದ್ದು ಎಂದೂ ಭಾವಿಸಬೇಕಾಗಿಲ್ಲ. ವಿಮೆಗೆ ಈಗಿರುವ ಮುಖ್ಯ ಆಧಾರ ಬೆಳೆ ಕಟಾವು ಪ್ರಯೋಗ. ಒಂದು ಗ್ರಾಮ ಪಂಚಾಯಿತಿಗೆ, ಒಂದು ಮುಖ್ಯ ಬೆಳೆಗೆ ನಾಲ್ಕು ತುಂಡು ಹೊಲ. ಆ ನಾಲ್ಕರ ಸರಾಸರಿ ಇಡೀ ಪಂಚಾಯಿತಿಯ ಹಣೆಬರಹ. ಆ ನಾಲ್ಕು ಹೊಲ ಯಾರವು, ಕಟಾವಿಗೆ ನಿಜವಾಗಿ ಯಾರು ಬಂದರು, ಕಂಪನಿಯವನೂ ಗ್ರಾಮ ಲೆಕ್ಕಿಗನೂ ಏನು ಮಾತಾಡಿಕೊಂಡರು ಎಂಬುದು ಕಟ್ಟೆಯ ಮೇಲೆ ಎಲ್ಲರಿಗೂ ಗೊತ್ತು, ಕಾಗದದ ಮೇಲೆ ಯಾರಿಗೂ ಗೊತ್ತಿಲ್ಲ. ಮನುಷ್ಯ ನಾಲ್ಕು ಹೊಲವನ್ನು ಚೆನ್ನಾಗಿ ನೋಡುತ್ತಾನೆ, ಉಪಗ್ರಹ ನಾಲ್ಕು ಸಾವಿರ ಹೊಲವನ್ನು ಮಬ್ಬಾಗಿ ನೋಡುತ್ತದೆ. ಉಪಗ್ರಹ ಲಂಚ ಕೇಳುವುದಿಲ್ಲ. ಕಟಾವು ಎಲ್ಲಿ ಮಾಡಬೇಕೆಂದು ಅದೇ ಜಾಗ ಆರಿಸಿಕೊಟ್ಟರೆ, ಒಣಗಿದ ಭಾಗವನ್ನೂ ಹಸಿರಾದ ಭಾಗವನ್ನೂ ಬಿಡದೆ ಎಣಿಸಿದರೆ, ನಾಲ್ಕು ಕಟಾವಿನ ಬೆಲೆಯೇ ಹೆಚ್ಚುತ್ತದೆ. ಈ ಮಾತನ್ನು ವಿಮೆ ಕಂಪನಿಗಳ ವಕೀಲರು ಹೇಳಿದಾಗ ನನಗೆ ಕಿರಿಕಿರಿಯಾಗುತ್ತದೆ, ಆದರೂ ಮಾತು ಸರಿ.

ಗಡಿಯ ವಿಪರೀತವೊಂದು ಇಲ್ಲಿ ಸೇರಿಕೊಳ್ಳುತ್ತದೆ. ತೆಲಂಗಾಣ 2020ರಲ್ಲಿ ಫಸಲ್ ಬಿಮಾದಿಂದ ಹೊರಬಂತು. ಹಾಗಾಗಿ ಒಂದೇ ಮಳೆ, ಒಂದೇ ಮಣ್ಣು, ಒಂದೇ ಚಿತ್ರದ ಚೌಕಟ್ಟಿನೊಳಗಿನ ಎರಡು ತೊಗರಿ ಹೊಲಗಳಲ್ಲಿ ಬೀದರ್ ಕಡೆಯದಕ್ಕೆ ವಿಮೆ, ಮನೂರ್ ಕಡೆಯದಕ್ಕೆ ಇಲ್ಲ ಎಂಬ ಸ್ಥಿತಿ ವರ್ಷಗಟ್ಟಲೆ ನಡೆಯಿತು. ಕರ್ನಾಟಕದ ‘ದಿಶಾಂಕ್’ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದೆ. ಗಡಿಕಲ್ಲು ದಾಟಿ ನಾಲ್ಕು ಹೆಜ್ಜೆ ಹಾಕಿದರೆ ಬಾಯಿ ಕಟ್ಟುತ್ತದೆ. ಆಕಾಶದಲ್ಲಿರುವ ಯಂತ್ರಕ್ಕೆ ಗಡಿ ಇಲ್ಲ, ಅದರ ಚಿತ್ರ ಇಳಿದು ಇಲಾಖೆಯ ಕಂಪ್ಯೂಟರಿಗೆ ಬರುವಷ್ಟರಲ್ಲಿ ಗಡಿ ಬಂದಿರುತ್ತದೆ.

ಪಥದರ್ಶಕ ಉಪಗ್ರಹಗಳದು ಬೇರೆಯೇ ತರಹದ ತಕರಾರು. ನಮ್ಮದೇ ಪಥದರ್ಶಕ ಜಾಲವಾದ ನಾವಿಕ್ ಹುಟ್ಟಿದ್ದಕ್ಕೆ ಕಾರ್ಗಿಲ್ ಯುದ್ಧದಲ್ಲಿ ಅಮೆರಿಕ ಜಿಪಿಎಸ್ ಮಾಹಿತಿ ಕೊಡಲಿಲ್ಲ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಥೆ ಹೇಗೇ ಇರಲಿ, ತರ್ಕ ಒಪ್ಪುವಂಥದ್ದು: ದಾರಿ ತೋರಿಸುವ ದೀಪ ಪರರ ಕೈಯಲ್ಲಿದ್ದರೆ ಆರಿಸುವ ಅಧಿಕಾರವೂ ಅವರದೇ. 2006ರಲ್ಲಿ 1,420 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. 2013ರ ಜುಲೈ 1ರಿಂದ 2016ರ ಏಪ್ರಿಲ್ ಒಳಗೆ ಏಳು ಉಪಗ್ರಹ ಹಾರಿದವು. ಅವುಗಳ ಗಡಿಯಾರ, ಕಕ್ಷೆ ಲೆಕ್ಕ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿದೆ. ನಿಯಂತ್ರಣದಲ್ಲಿ ಹಾಸನಕ್ಕೂ ಪಾಲಿದೆ.

ಗಡಿಯಾರವೇ ಇಲ್ಲಿ ಜೀವ. ಬೆಳಕು ಒಂದು ಸೆಕೆಂಡಿನ ಶತಕೋಟಿ ಪಾಲಿನಲ್ಲಿ ಮೂವತ್ತು ಸೆಂಟಿಮೀಟರು ಹೋಗುತ್ತದೆ. ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ನಿಮ್ಮ ಜಾಗ ಮುನ್ನೂರು ಮೀಟರು ಆಚೆ ಬೀಳುತ್ತದೆ. ಮೊದಲ ಉಪಗ್ರಹದ ಮೂರೂ ವಿದೇಶಿ ಪರಮಾಣು ಗಡಿಯಾರ ಕೆಟ್ಟವು. ಅದರ ಬದಲಿಗೆ 2017ರ ಆಗಸ್ಟ್‌ನಲ್ಲಿ ಕಳಿಸಿದ್ದು ರಾಕೆಟ್ಟಿನ ಹೊದಿಕೆ ಬಿಚ್ಚಿಕೊಳ್ಳದೆ ಒಳಗೇ ಸಿಕ್ಕಿಬಿತ್ತು. 2023ರ ಮೇ ತಿಂಗಳಲ್ಲಿ ಹೋದ ಎನ್‌ವಿಎಸ್-01ರಲ್ಲಿ ನಮ್ಮದೇ ರುಬಿಡಿಯಂ ಗಡಿಯಾರ ಓಡಿತು. ಆ ಸಂತೋಷ ಆರುವ ಮೊದಲೇ 2025ರ ಜನವರಿ 29ರ ಎನ್‌ವಿಎಸ್-02, ಶ್ರೀಹರಿಕೋಟದ ನೂರನೆಯ ಉಡಾವಣೆ, ಕವಾಟ ತೆರೆಯದೆ ತಪ್ಪು ಕಕ್ಷೆಯಲ್ಲೇ ಉಳಿಯಿತು. ಅದೇ ವರ್ಷ ಜುಲೈನಲ್ಲಿ ಸರಕಾರ ಸಂಸತ್ತಿಗೆ ಕೊಟ್ಟ ಲೆಕ್ಕ: ಹಾರಿಸಿದ್ದು ಹನ್ನೊಂದು, ಆಗ ಸ್ಥಾನ ನಿರ್ಣಯಕ್ಕೆ ಕೆಲಸ ಮಾಡುತ್ತಿದ್ದದ್ದು ನಾಲ್ಕು. ಜಾಗ ಕಂಡುಹಿಡಿಯಲು ಕನಿಷ್ಠ ಬೇಕಾದದ್ದೂ ನಾಲ್ಕೇ.

ಹಾಗಾದರೆ ನಾವಿಕ್ ದಂಡವೇ? ಮನೂರಿನ ಟ್ರ್ಯಾಕ್ಟರ್ ಚಾಲಕನ ಫೋನು ಅಮೆರಿಕ, ರಷ್ಯ, ಯುರೋಪ್, ಚೀನಾ ನಾಲ್ಕೂ ಕಡೆಯ ಉಪಗ್ರಹಗಳಿಂದ ದಾರಿ ಕೇಳುತ್ತದೆ. ನಮ್ಮದು ಇದ್ದರೂ ಇಲ್ಲದಿದ್ದರೂ ಅವನು ಬೀದರ್ ಸೇರುತ್ತಾನೆ. ಬದುವಿನ ವ್ಯಾಜ್ಯಕ್ಕಂತೂ ನಾವಿಕ್ ಒದಗುವುದಿಲ್ಲ. ಅದು ಭರವಸೆ ಕೊಡುವುದು ಇಪ್ಪತ್ತು ಮೀಟರಿನೊಳಗಿನ ನಿಖರತೆಗೆ. ಅರವತ್ನಾಲ್ಕು ಮೀಟರಿನ ಮಗ್ಗುಲಿನ ಎಕರೆಯಲ್ಲಿ ಅದು ಮೂರನೇ ಒಂದು ಪಾಲು. ಗೇಣು ನೆಲಕ್ಕೆ ತಲೆ ಒಡೆದುಕೊಳ್ಳುವ ಅಣ್ಣತಮ್ಮಂದಿರಿಗೆ ಬೇಕಾದದ್ದು ನೆಲದ ಮೇಲಿನ ಸ್ಥಿರ ಕೇಂದ್ರಗಳಿಂದ ತಿದ್ದಿದ ಸೆಂಟಿಮೀಟರ್ ಅಳತೆ. ಇದೆಲ್ಲ ನಿಜವಾದರೂ ನಾನು ನಾವಿಕ್ ಬೇಡವೆನ್ನುವವರ ಪಾಳಯಕ್ಕೆ ಹೋಗಲಾರೆ. ಸ್ವಂತ ಗಡಿಯಾರ ಮಾಡುವ ವಿದ್ಯೆ ಒಂದು ಸಲ ಕೈಬಿಟ್ಟರೆ ಮತ್ತೆ ಬರುವುದಿಲ್ಲ. ರೈಲು, ವಿದ್ಯುತ್ ಜಾಲ, ಬ್ಯಾಂಕು, ಸೇನೆ ಎಲ್ಲಕ್ಕೂ ನಂಬಬಹುದಾದ ಸಮಯ ಬೇಕು. ನನ್ನ ಆಕ್ಷೇಪ ಇರುವುದು ಇನ್ನೊಂದು ಕಡೆ. ಹಾರಿಸಿದ ದಿನ ಟಿವಿಯಲ್ಲಿ ಕೈತಟ್ಟುವ ನಾವು ಆಮೇಲಿನ ಹತ್ತು ವರ್ಷದ ನಿಗಾವಣೆಗೆ ಅಷ್ಟು ಉತ್ಸಾಹ ತೋರಿಸಲಿಲ್ಲ. ಬದಲಿ ಉಪಗ್ರಹ ಮೊದಲೇ ಸಿದ್ಧವಿಲ್ಲದೆ, ಒಂದೊಂದು ಸೋತಾಗಲೂ ವರ್ಷಗಟ್ಟಲೆ ಕಾಯುವ ವ್ಯವಸ್ಥೆಗೆ ಸ್ವಾವಲಂಬನೆ ಎಂದು ಹೇಗೆ ಹೇಳುವುದು?

ಸ್ಥಾನ ಹೇಳುವ ವಿದ್ಯೆ ಹಳ್ಳಿಯನ್ನು ನಿಜವಾಗಿ ಮುಟ್ಟಿದ್ದು ಉದ್ಯೋಗ ಖಾತ್ರಿಯ ಕೆಲಸದಲ್ಲಿ. 2016ರಿಂದ ಕೃಷಿ ಹೊಂಡ, ಬದು, ಚೆಕ್‌ಡ್ಯಾಂಗಳ ಫೋಟೋ ತೆಗೆದು, ಅಕ್ಷಾಂಶ ರೇಖಾಂಶ ಸಮೇತ ಇಸ್ರೋದ ‘ಭುವನ್’ ಜಾಲತಾಣದ ಮೇಲೆ ಏರಿಸುವುದು ಶುರುವಾಯಿತು. ಒಂದೇ ಹೊಂಡವನ್ನು ಮೂರು ಸಲ ತೋಡಿ ಮೂರು ಸಲ ಬಿಲ್ಲು ಎತ್ತುವ ಕಲೆಗೆ ಇದರಿಂದ ಪೆಟ್ಟು ಬಿತ್ತು. ಈ ಪ್ರಯೋಜನವನ್ನು ಕಡಿಮೆ ಎಣಿಸಬಾರದು. ಆದರೆ 2023ರ ಜನವರಿಯಿಂದ ಕೂಲಿಕಾರರ ಹಾಜರಿಯೂ ಎಲ್ಲೆಡೆ ಕಡ್ಡಾಯವಾಗಿ ಆ್ಯಪ್‌ಗೆ ಬಂತು: ದಿನಕ್ಕೆ ಎರಡು ಫೋಟೋ, ಎರಡಕ್ಕೂ ಜಾಗದ ಮುದ್ರೆ. ನೆಟ್‌ವರ್ಕ್ ಸಿಗದ ತಗ್ಗಿನಲ್ಲಿ ಕೆಲಸ ಮಾಡಿದವರ ಕೂಲಿ ಹಾರಿಹೋಯಿತು ಎಂಬ ದೂರು ದೇಶದ ಎಲ್ಲ ಕಡೆಯಿಂದ ಬಂತು. ಮೋಸ ಮಾಡುವವರು ಹಳೆಯ ಫೋಟೋದ ಫೋಟೋ ತೆಗೆದು ಏರಿಸಿದರು. 2025ರಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆಯಲ್ಲಿ ಅದನ್ನು ಪಟ್ಟಿ ಮಾಡಬೇಕಾಯಿತು. ಹೊಂಡದ ಮೇಲೆ ಕಣ್ಣಿಟ್ಟ ತಂತ್ರ ಗುತ್ತಿಗೆದಾರನನ್ನು ಹಿಡಿಯಿತು. ಅದೇ ತಂತ್ರ ಕೂಲಿಯವಳ ಮೇಲೆ ಕಣ್ಣಿಟ್ಟಾಗ ಸಿಕ್ಕಿಬಿದ್ದವಳು ಅವಳೇ.

ದುಡ್ಡಿನ ಮಾತಿಗೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2025–26ಕ್ಕೆ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು 13,416 ಕೋಟಿ ರೂಪಾಯಿ. ‘ಬಡ ದೇಶಕ್ಕೆ ಬಾಹ್ಯಾಕಾಶ ಯಾಕೆ’ ಎಂಬ ಹಳೆಯ ಪ್ರಶ್ನೆಗೆ ಬರ, ಪ್ರವಾಹ, ಚಂಡಮಾರುತದ ಮುನ್ಸೂಚನೆಯಲ್ಲೇ ಉತ್ತರ ಸಿಕ್ಕಿದೆ. ಹೊಸ ಪ್ರಶ್ನೆ ಬೇರೆ: ಕಣ್ಣು ಯಾವ ಕಡೆ ತಿರುಗುತ್ತಿದೆ? 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಸುಮಾರು 27,000 ಕೋಟಿ ರೂಪಾಯಿಯಲ್ಲಿ 52 ಕಣ್ಗಾವಲು ಉಪಗ್ರಹಗಳಿಗೆ ಒಪ್ಪಿಗೆ ಕೊಟ್ಟಿತು. ಗಡಿ ಕಾಯುವುದು ಬೇಡವೆನ್ನುವ ಹುಚ್ಚು ಯಾರಿಗೂ ಇಲ್ಲ. ಆದರೆ ಯೋಜನೆ ಕಟ್ಟುವ ಎಂಜಿನಿಯರುಗಳು, ಉಡಾವಣೆಯ ಸರದಿ, ಎರಡೂ ಮಿತಿಯವು. ಸರದಿಯಲ್ಲಿ ಬೆಳೆ ನೋಡುವ ಉಪಗ್ರಹ ಹಿಂದಕ್ಕೆ ಸರಿದರೆ ಸದನದಲ್ಲಿ ಗಲಾಟೆ ಮಾಡುವವರು ಯಾರೂ ಇರುವುದಿಲ್ಲ.

ಚಿತ್ರ ಯಾರಿಗೆ ಸಿಗುತ್ತದೆ ಎಂಬುದೂ ತೂಕಕ್ಕೆ ಬರಬೇಕು. ಅಮೆರಿಕ ತನ್ನ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು 2008ರಲ್ಲೇ ಪುಕ್ಕಟೆ ಮಾಡಿತು, ಯುರೋಪು ಸೆಂಟಿನೆಲ್‌ನ ಹತ್ತು ಮೀಟರಿನ ಚಿತ್ರಗಳನ್ನು ಮೊದಲಿನಿಂದಲೂ ಹಂಚುತ್ತಿದೆ. ಹೈದರಾಬಾದಿನ ಆಚೆ ಶಾದ್‌ನಗರದಲ್ಲಿ ಇಳಿಯುವ ನಮ್ಮ ಚಿತ್ರಗಳಲ್ಲಿ ಹಳೆಯವು ಕೆಲವು ಭುವನ್‌ನಲ್ಲಿ ಸಿಗುತ್ತಿದ್ದವು, ಒಳ್ಳೆಯವಕ್ಕೆ ದುಡ್ಡು, ಅರ್ಜಿ, ಅನುಮತಿ. ಹೀಗಾಗಿ ಮಂಜೀರಾದ ಬಗ್ಗೆ ಪ್ರಬಂಧ ಬರೆಯುವ ಕಲಬುರಗಿಯ ವಿದ್ಯಾರ್ಥಿಗೆ ವಾಷಿಂಗ್ಟನ್ ಹತ್ತಿರವಿತ್ತು, ಶಾದ್‌ನಗರ ದೂರವಿತ್ತು. 2023ರ ಬಾಹ್ಯಾಕಾಶ ನೀತಿ ಐದು ಮೀಟರು ಮತ್ತು ಅದಕ್ಕಿಂತ ಒರಟಾದ ಚಿತ್ರಗಳನ್ನು ಎಲ್ಲರಿಗೂ ಮುಕ್ತ ಮಾಡುವುದಾಗಿ ಹೇಳಿತು. ತಡವಾದರೂ ಇದು ದೊಡ್ಡ ಹೆಜ್ಜೆ. ತಕ್ಕಡಿ ಭೂವೀಕ್ಷಣೆಯ ಕಡೆಗೆ ವಾಲಿದೆ ಎಂದು ನಾನು ಹೇಳುವುದಾದರೆ ಅದಕ್ಕೆ ಅರ್ಧ ಕಾರಣ ಈ ನೀತಿ. ಎರಡೂ ಕಡೆಯವರಿಗೆ ಒಂದೇ ಚಿತ್ರ ಕಾಣುವಾಗ ಮಾತ್ರ ಅದು ಸಾಕ್ಷಿ.

ಕೊನೆಗೆ ತೊಗರಿಯ ಮಾತು, ಏಕೆಂದರೆ ಈ ವಾದ ನೆಲಕ್ಕಿಳಿದು ಪರೀಕ್ಷೆಗೆ ಸಿಗುವುದು ಅಲ್ಲೇ. ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಸುಣ್ಣದ ಬಂಡೆಯ ಮೇಲಿನ ಒಂದೇ ಎರೆಮಣ್ಣಿಗೆ ಎರಡು ರಾಜ್ಯಗಳ ಎರಡು ಮುದ್ರೆ. 2022ರಲ್ಲಿ ಕಲಬುರಗಿ ಸೀಮೆಯಲ್ಲಿ ಕಾಯಿಕಟ್ಟುವ ಹೊತ್ತಿಗೆ ನೆಟೆ ರೋಗ ಬಿದ್ದು ಹೊಲಗಳು ನಿಂತಲ್ಲೇ ಒಣಗಿದವು. ಭಾರತದ ದೂರಸಂವೇದನೆ ಶುರುವಾದದ್ದೇ ಇಂಥದೊಂದು ರೋಗದಿಂದ: 1970ರಲ್ಲಿ ವಿಜ್ಞಾನಿ ಪಿಶಾರಟಿ ಮತ್ತವರ ಸಂಗಡಿಗರು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಕೇರಳದ ತೆಂಗಿನ ತೋಟಗಳ ಚಿತ್ರ ತೆಗೆದು, ಬರಿಗಣ್ಣಿಗೆ ಕಾಣುವ ಮೊದಲೇ ಬೇರು ರೋಗ ತಗುಲಿದ ಮರಗಳನ್ನು ಗುರುತಿಸಿದ್ದರು.

ತೊಗರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಎತ್ತಿ ಹೇಳಿದ್ದು ಕಾಣೆ. ಅಕ್ಕಡಿಯಲ್ಲಿ ಹೆಸರು, ಉದ್ದು, ಸಜ್ಜೆ ಮೊದಲೇ ಕೈಗೆ ಬಂದು ಮನೆ ಸೇರುತ್ತವೆ. ಐದಾರು ತಿಂಗಳು ನಿಲ್ಲುವ ತೊಗರಿ ನವೆಂಬರ್ ಹೊತ್ತಿಗೆ ಹೊಲದಲ್ಲಿ ಒಂಟಿಯಾಗಿರುತ್ತದೆ, ಮೋಡವೂ ಚದುರಿರುತ್ತದೆ. ಆಗಸ್ಟ್‌ನಲ್ಲಿ ಉಪಗ್ರಹಕ್ಕೆ ಒಡೆಯದ ಒಗಟು ನವೆಂಬರ್‌ನಲ್ಲಿ ಅರ್ಧ ತಾನಾಗೇ ಒಡೆಯುತ್ತದೆ. ಭತ್ತ, ಗೋಧಿಯ ನಂತರ ತೊಗರಿಯನ್ನು ಈ ಲೆಕ್ಕಕ್ಕೆ ತರುವುದಿದ್ದರೆ ಪರೀಕ್ಷೆ ನಡೆಯಬೇಕಾದದ್ದು ನಾರಾಯಣಖೇಡ, ತಾಂಡೂರು, ಚಿಂಚೋಳಿ, ಸೇಡಂಗಳಲ್ಲಿ, ಗೆರೆಯ ಎರಡೂ ಬದಿ ಒಟ್ಟಿಗೆ. ಒಂದು ಷರತ್ತು: ತನ್ನ ಸರ್ವೆ ನಂಬರಿಗೆ ಉಪಗ್ರಹ ಏನು ಅಂಕಿ ಕೊಟ್ಟಿತೆಂದು ರೈತನಿಗೆ ಕನ್ನಡದಲ್ಲೋ ತೆಲುಗಿನಲ್ಲೋ ತಿಳಿಯಬೇಕು. ಆಲಿಕಲ್ಲು ಬಿದ್ದರೆ ಎಪ್ಪತ್ತೆರಡು ಗಂಟೆಯೊಳಗೆ ದೂರು ಕೊಡು ಎಂದು ರೈತನಿಗೆ ಗಡುವು ಹಾಕುವ ವಿಮೆ, ಉಪಗ್ರಹದ ಅಂಕಿಯನ್ನು ಒಪ್ಪದಿರಲೂ ಅವನಿಗೆ ಅಷ್ಟೇ ಕಾಲ ಕೊಡಬೇಕು. ಮಾಗಿದ ತೊಗರಿಯೂ ಎಲೆ ಹಳದಿಯಾಗಿ ಉದುರಿಸುತ್ತದೆ, ನೆಟೆ ಬಿದ್ದ ತೊಗರಿಯೂ ಹಳದಿಯಾಗುತ್ತದೆ. ಎರಡರ ನಡುವೆ ಕೆಲವೇ ವಾರದ ಅಂತರ. ಇಪ್ಪತ್ನಾಲ್ಕು ದಿನಕ್ಕೊಮ್ಮೆ ಬರುವ ಕಣ್ಣು ಆ ಅಂತರವನ್ನು ತಪ್ಪಿಸಿಕೊಂಡರೆ ಸತ್ತ ಬೆಳೆಯನ್ನು ಮಾಗಿದ ಬೆಳೆ ಎಂದು ಬರೆದೀತು. ಹೊಲದಲ್ಲಿ ನಿಂತು ಗಿಡ ಸೀಳಿ ಕಾಂಡದೊಳಗಿನ ಕಪ್ಪು ಗೆರೆ ತೋರಿಸಬಲ್ಲವನು ಮಾತ್ರ ಅದನ್ನು ತಿದ್ದಬಲ್ಲ.